ಸೈಡ್‌ಸ್ಟಿಕ್ ಹಿಡಿದ ಕೈಗೆ ಏನೂ ಗೊತ್ತಾಗಲ್ಲ

2025ರ ನವೆಂಬರ್ ಕೊನೇಲಿ ನಮ್ಮನೆ ವಾಟ್ಸಾಪ್ ಗ್ರೂಪಲ್ಲಿ ಫಾರ್ವರ್ಡ್‌ಗಳ ಮಳೆ. ಬಿಸಿಲು ಬಿದ್ರೆ ಏರ್‌ಬಸ್ ಕೆಳಗೆ ಬೀಳುತ್ತಂತೆ, ನೀನು ಓಡ್ಸೋದೂ ಅದೇ ಅಲ್ವೇನೋ, ಒಂದ್ ವಾರ ರಜ ಹಾಕು ಅಂತ ತಿಪಟೂರಿನ ಅತ್ತೆ ವಾಯ್ಸ್ ಮೆಸೇಜ್ ಬೇರೆ. ವಿಷ್ಯ ಏನಪ್ಪಾ ಅಂದ್ರೆ, ಅಕ್ಟೋಬರ್ 30ಕ್ಕೆ ಅಮೆರಿಕದ ಜೆಟ್‌ಬ್ಲೂ ಕಂಪ್ನಿಯ ಒಂದು ಎ320 ಮೇಲೆ ಆರಾಮಾಗಿ ಹೋಗ್ತಿದ್ದಾಗ ಇದ್ದಕ್ಕಿದ್ದಂಗೆ ಮೂತಿ ಕೆಳಗೆ ಹಾಕ್ತು, ಒಳಗಿದ್ದ ಕೆಲವ್ರಿಗೆ ಪೆಟ್ಟಾಯ್ತು, ಪೈಲಟ್‌ಗಳು ಟ್ಯಾಂಪಾದಲ್ಲಿ ಇಳಿಸಿದ್ರು. ತೀವ್ರವಾದ ಸೌರ ವಿಕಿರಣದಿಂದ ಇಲ್ಯಾಕ್ ಅನ್ನೋ ಕಂಪ್ಯೂಟರ್‌ನ ಡೇಟಾ ಕೆಡೋ ಸಾಧ್ಯತೆ ಇದೆ ಅಂತ ಏರ್‌ಬಸ್ ಹೇಳ್ತು, ಪ್ರಪಂಚದಾದ್ಯಂತ ಸುಮಾರು 6000 ವಿಮಾನ, ನಮ್ಮ ದೇಶದಲ್ಲೇ 300ಕ್ಕೂ ಹೆಚ್ಚು, ಸಾಫ್ಟ್‌ವೇರ್ ಬದಲಾಯಿಸೋ ತನಕ ಹಾರೋ ಹಾಗಿಲ್ಲ ಅಂತ ಆಯ್ತು. ಬಹುಪಾಲು ವಿಮಾನಗಳಿಗೆ ಹಳೇ ವರ್ಷನ್ ವಾಪಸ್ ಹಾಕಿದ್ರೆ ಮುಗೀತು, ಎರಡ್ಮೂರು ಗಂಟೆ ಕೆಲಸ. ರಾತ್ರೋರಾತ್ರಿ ಇಂಜಿನಿಯರ್‌ಗಳು ಮುಗಿಸಿಬಿಟ್ರು.

ಆಮೇಲೆ ಸಿಕ್ಕೋರೆಲ್ಲ ಕೇಳೋಕೆ ಶುರು ಮಾಡಿದ್ರು, ಇಲ್ಯಾಕ್ ಅಂದ್ರೇನು, ವಿಮಾನ ಓಡ್ಸೋದು ನೀವಾ ಕಂಪ್ಯೂಟರಾ ಅಂತ. ಎರಡೂ ಹೌದು ಅಂದ್ರೆ ಯಾರಿಗೂ ಸಮಾಧಾನ ಇಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಹಳೇ ವಿಮಾನದಲ್ಲಿ ನಿಮ್ಮ ಎದುರಿಗೆ ಒಂದು ಯೋಕ್, ಅಂದ್ರೆ ಸ್ಟೀರಿಂಗ್ ತರದ ಹಿಡಿ, ಇರುತ್ತೆ, ಅದಕ್ಕೆ ಉಕ್ಕಿನ ಕೇಬಲ್, ರಾಟೆ, ರಾಡ್, ಕೊನೆಗೆ ವಿಮಾನ ವಾಲಿಸೋಕೆ ರೆಕ್ಕೆ ತುದೀಲಿರೋ ಐಲರಾನ್, ಮೂತಿ ಏರಿಳಿಸೋಕೆ ಬಾಲದ ಎಲಿವೇಟರ್ ಅನ್ನೋ ಹಲಗೆಗಳು. ದೊಡ್ಡ ವಿಮಾನ ಆದ್ರೆ ಮಧ್ಯೆ ಹೈಡ್ರಾಲಿಕ್ ಸಹಾಯ ಇರುತ್ತೆ, ಆದ್ರೂ ಕೈ ಎಷ್ಟು ಎಳೀತೋ ಅಲ್ಲಿ ರೆಕ್ಕೆ ಭಾಗ ಅಷ್ಟು ಏಳುತ್ತೆ. ಎ320ನಲ್ಲಿ ಆ ಯೋಕೇ ಇಲ್ಲ. ಕ್ಯಾಪ್ಟನ್‌ಗೆ ಎಡಗೈ ಪಕ್ಕ, ನಮ್ಮಂಥ ಫಸ್ಟ್ ಆಫೀಸರ್‌ಗೆ ಬಲಗೈ ಪಕ್ಕ, ವಿಡಿಯೋ ಗೇಮ್ ತರದ್ದು ಒಂದು ಪುಟ್ಟ ಸೈಡ್‌ಸ್ಟಿಕ್. ಅದು ಕೊಡೋದು ಬರೀ ಎಲೆಕ್ಟ್ರಿಕ್ ಸಿಗ್ನಲ್. ಆ ಸಿಗ್ನಲ್ ಹೋಗೋದು ಕಂಪ್ಯೂಟರ್‌ಗಳಿಗೆ, ಹಂಗೆ ಏಳು ಇವೆ: ಎರಡು ಇಲ್ಯಾಕ್, ಮೂರು ಸೆಕ್, ಎರಡು ಫ್ಯಾಕ್. ಇಲ್ಯಾಕ್ ಎಲಿವೇಟರ್ ಮತ್ತು ಐಲರಾನ್ ನೋಡ್ಕೊಳುತ್ತೆ, ಸೆಕ್ ರೆಕ್ಕೆ ಮೇಲೆ ಎದ್ದು ಗಾಳಿ ತಡೆಯೋ ಸ್ಪಾಯ್ಲರ್ ಹಲಗೆಗಳನ್ನ ನೋಡ್ಕೊಳುತ್ತೆ ಜೊತೆಗೆ ಇಲ್ಯಾಕ್ ಎರಡೂ ಕೈ ಎತ್ತಿದ್ರೆ ಎಲಿವೇಟರ್ ಕೆಲಸಾನೂ ವಹಿಸ್ಕೊಳುತ್ತೆ, ಫ್ಯಾಕ್‌ಗೆ ಮೂತಿ ಎಡಬಲ ತಿರುಗಿಸೋ ಬಾಲದ ರಡರ್ ಮತ್ತು ಸ್ಪೀಡ್ ಮಿತಿಗಳ ಲೆಕ್ಕ. ಪ್ರತಿ ಪೆಟ್ಟಿಗೆ ಒಳಗೂ ಎರಡು ಭಾಗ, ಒಂದು ಆಜ್ಞೆ ಕೊಡೋದು, ಇನ್ನೊಂದು ಅದೇ ಲೆಕ್ಕ ತಾನೂ ಮಾಡಿ ತಾಳೆ ನೋಡೋದು. ತಾಳೆ ಆಗ್ಲಿಲ್ಲ ಅಂದ್ರೆ ಪೆಟ್ಟಿಗೆ ತನ್ನನ್ನು ತಾನೇ ಆಟದಿಂದ ಹೊರಗೆ ಹಾಕ್ಕೊಳುತ್ತೆ. ಇಲ್ಯಾಕ್ ಒಳಗೆ ಮೊಟೊರೋಲಾ ಪ್ರೊಸೆಸರ್, ಸೆಕ್ ಒಳಗೆ ಇಂಟೆಲ್, ಸಾಫ್ಟ್‌ವೇರ್ ಬರೆದ ತಂಡಗಳೂ ಬೇರೆ ಬೇರೆ, ಯಾಕಂದ್ರೆ ಒಂದೇ ಥರದ ತಪ್ಪು ಎಲ್ಲಾ ಕಡೆ ಒಟ್ಟಿಗೆ ಬರಬಾರದು. 1987ರ ಫೆಬ್ರವರಿ 22ಕ್ಕೆ ಮೊದಲ ಸಲ ಹಾರಿದ ವಿಮಾನಕ್ಕೆ ಇಷ್ಟು ಯೋಚನೆ ಮಾಡಿದ್ರು ಅಂದ್ರೆ ನನಗೆ ಇವತ್ತಿಗೂ ಆಶ್ಚರ್ಯ. ಕಾನ್‌ಕಾರ್ಡ್‌ನಲ್ಲಿ ಅದಕ್ಕೂ ಮುಂಚೆನೇ ಅನಲಾಗ್ ಫ್ಲೈ-ಬೈ-ವೈರ್ (ಕೇಬಲ್ ಬದಲು ಹೀಗೆ ಎಲೆಕ್ಟ್ರಿಕ್ ಸಿಗ್ನಲ್‌ನಲ್ಲಿ ಓಡ್ಸೋ ವ್ಯವಸ್ಥೆ) ಇತ್ತು, ಆದ್ರೆ ಪ್ರಯಾಣಿಕರ ವಿಮಾನದಲ್ಲಿ ಪೂರ್ತಿ ಡಿಜಿಟಲ್ ಆಗಿ ಬಂದಿದ್ದು ಇದೇ ಮೊದಲು.

ಈಗ ಮುಖ್ಯ ವಿಷ್ಯ. ಸ್ಟಿಕ್ ಎಳೆದ್ರೆ ಎಲಿವೇಟರ್ ಇಷ್ಟು ಡಿಗ್ರಿ ಏಳ್ಲಿ ಅಂತ ನೀವು ಹೇಳ್ತಿಲ್ಲ. ಇಷ್ಟು ಜಿ (ಗುರುತ್ವದ ಎಷ್ಟು ಪಟ್ಟು ಒತ್ತಡ ಅನ್ನೋ ಲೆಕ್ಕ) ಬೇಕು ಅಂತ ಕೇಳ್ತಿದ್ದೀರ. ಪಕ್ಕಕ್ಕೆ ತಳ್ಳಿದ್ರೆ ಸೆಕೆಂಡಿಗೆ ಇಷ್ಟು ಡಿಗ್ರಿ ವೇಗದಲ್ಲಿ ಓಲಾಡು ಅಂತ, ಜಾಸ್ತಿ ಅಂದ್ರೆ ಸೆಕೆಂಡಿಗೆ 15 ಡಿಗ್ರಿ. ದರ್ಶಿನಿ ಕೌಂಟರಲ್ಲಿ ಟೋಕನ್ ಕೊಟ್ಟು ಒಂದು ಮಸಾಲೆ ಅಂದಂಗೆ, ಕಾವಲಿ ಎಷ್ಟು ಕಾದಿರಬೇಕು ಹಿಟ್ಟು ಎಷ್ಟು ಹುಯ್ಯಬೇಕು ಒಳಗಿನೋರ ತಲೆನೋವು, ನಿಮಗೆ ದೋಸೆ ಬರುತ್ತೆ. ಸ್ಪೀಡ್ ಕಮ್ಮಿ ಇದ್ರೆ ಎಲಿವೇಟರ್ ಜಾಸ್ತಿ ಆಡುತ್ತೆ, ಸ್ಪೀಡ್ ಜಾಸ್ತಿ ಇದ್ರೆ ಒಂಚೂರು, ನಿಮ್ಮ ಕೈಗೆ ಎರಡೂ ಒಂದೇ. ಸ್ಟಿಕ್ ಬಿಟ್ರೆ ಅದು ಸ್ಪ್ರಿಂಗಿಂದ ನಡುವಿಗೆ ಬರುತ್ತೆ, ಅಂದ್ರೆ ಈಗ ಹೆಂಗೆ ಹೋಗ್ತಿದೆಯೋ ಹಂಗೇ ಹೋಗ್ತಿರು ಅಂತ ಅರ್ಥ. ಎಡಕ್ಕೆ 25 ಡಿಗ್ರಿ ವಾಲಿಸಿ ಕೈ ಬಿಡಿ, 25 ಡಿಗ್ರೀಲೇ ನಿಂತಿರುತ್ತೆ, ಮೂತೀನೂ ಬೀಳಲ್ಲ.

ಜಕ್ಕೂರಲ್ಲೋ ಮೈಸೂರಲ್ಲೋ ಸಣ್ಣ ಸೆಸ್ನಾ ಕಲಿತು ಬಂದವರಿಗೆ ಇದು ಮೊದಮೊದಲು ವಿಚಿತ್ರ ಅನ್ಸುತ್ತೆ. ಸೆಸ್ನಾದಲ್ಲಿ ಸ್ಪೀಡ್ ಬದಲಾದ ತಕ್ಷಣ ಯೋಕ್ ಭಾರ ಆಗುತ್ತೆ ಇಲ್ಲ ಸಡಿಲ ಆಗುತ್ತೆ, ಆಗ ಕೈ ಮೇಲಿನ ಆ ಭಾರ ಇಳಿಸೋ ಟ್ರಿಮ್ ಚಕ್ರ ತಿರುಗಿಸಿ ಸರಿ ಮಾಡ್ಕೋಬೇಕು, ಹಾರಾಟ ಪೂರ್ತಿ ಒಂದು ಕೈ ಟ್ರಿಮ್ ಮೇಲೇ. ಎ320ನಲ್ಲೂ ಇಂಜಿನ್ ಪವರ್ ಹಾಕೋ ಥ್ರಸ್ಟ್ ಲಿವರ್‌ಗಳ ಅಕ್ಕಪಕ್ಕ ಎರಡು ದೊಡ್ಡ ಕರೀ ಟ್ರಿಮ್ ಚಕ್ರ ಇವೆ, ಅವು ತಾವೇ ತಿರುಗ್ತಾ ಇರ್ತವೆ, ಯಾರೂ ಮುಟ್ಟಲ್ಲ. ಸಿಮ್ಯುಲೇಟರಲ್ಲಿ ಇನ್‌ಸ್ಟ್ರಕ್ಟರ್‌ಗಳು ಎಲ್ಲರಿಗೂ ಹೇಳೋ ಮಾತು ಒಂದೇ, ಬಿಡಪ್ಪಾ ಅದನ್ನ, ಸುಮ್ನೆ ಕೆದಕ್ಬೇಡ, ತಾನೇ ಹೋಗುತ್ತೆ. ಹಾರಿಸೋದು ನಿಜಕ್ಕೂ ಸುಲಭ. ಆದ್ರೆ ಆ ಸುಲಭದ ಬೆಲೆ ಏನು ಗೊತ್ತಾ, ಕೈಗೆ ಬರ್ತಿದ್ದ ಸುದ್ದಿ ಪೂರ್ತಿ ಬಂದ್. ಸೆಸ್ನಾದಲ್ಲಿ ಸ್ಪೀಡ್ ಬೀಳ್ತಿದೆ ಅಂತ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗ್ತಿತ್ತು. ಇಲ್ಲಿ 140 ನಾಟಲ್ಲೂ (ನಾಟ್ ಅಂದ್ರೆ ವಿಮಾನದ ವೇಗದ ಅಳತೆ) ಸ್ಟಿಕ್ ಅಷ್ಟೇ ಹಗುರ, 300ರಲ್ಲೂ ಅಷ್ಟೇ. ಸ್ಪೀಡ್ ಗೊತ್ತಾಗ್ಬೇಕು ಅಂದ್ರೆ ನೋಡ್ಬೇಕು, ಬೇರೆ ದಾರಿ ಇಲ್ಲ. ನನ್ನ ಪ್ರಕಾರ ಈ ವಿಮಾನದ ಬಗ್ಗೆ ಅರ್ಥ ಮಾಡ್ಕೋಬೇಕಾದ್ದು ಇದೊಂದೇ, ಮುಂದೆ ಬರೆಯೋ ಒಳ್ಳೇದು ಕೆಟ್ಟದ್ದು ಎಲ್ಲಾ ಇದರಿಂದಲೇ ಹುಟ್ಟೋದು.

ಒಳ್ಳೇದು ಮೊದಲು. ಎಲ್ಲಾ ಸರಿ ಇದ್ದಾಗ ವಿಮಾನ ಇರೋದು ನಾರ್ಮಲ್ ಲಾ (ಲಾ ಅಂದ್ರೆ ಕಂಪ್ಯೂಟರ್ ಪಾಲಿಸೋ ನಿಯಮ) ಅನ್ನೋ ಸ್ಥಿತೀಲಿ, ಅದರಲ್ಲಿ ನೀವು ಎಷ್ಟೇ ಮೊಂಡಾಟ ಮಾಡಿದ್ರೂ ವಿಮಾನ ಒಂದು ಗೆರೆ ದಾಟಲ್ಲ. ಮೂತಿ ಮೇಲಕ್ಕೆ 30 ಡಿಗ್ರಿ, ಕೆಳಕ್ಕೆ 15. ವಾಲೋದು 67 ಡಿಗ್ರಿ, ಅದೂ ಸ್ಟಿಕ್ ಒತ್ತಿ ಹಿಡಿದ್ರೆ ಮಾತ್ರ, ಬಿಟ್ರೆ ತಾನೇ 33ಕ್ಕೆ ವಾಪಸ್. ಫ್ಲ್ಯಾಪ್ (ನಿಧಾನಕ್ಕೆ ಹಾರೋಕೆ ರೆಕ್ಕೆಯಿಂದ ಇಳಿಸೋ ಹಲಗೆ) ಒಳಗಿದ್ರೆ 2.5 ಜಿ, ಹೊರಗಿದ್ರೆ 2 ಜಿ. ಸ್ಪೀಡ್ ತೀರಾ ಬಿದ್ರೆ ಸ್ಟಾಲ್ ಆಗೋಕೆ, ಅಂದ್ರೆ ರೆಕ್ಕೆಗೆ ಎತ್ತೋ ಶಕ್ತಿ ತಪ್ಪೋಕೆ, ಬಿಡಲ್ಲ, ಪೂರ್ತಿ ಹಿಂದಕ್ಕೆ ಎಳೆದು ಹಿಡಿದ್ರೂ ರೆಕ್ಕೆ ತಡ್ಕೊಳ್ಳೋ ಕೊನೇ ಕೋನದಲ್ಲಿ ನಿಲ್ಲಿಸುತ್ತೆ, ಅದಕ್ಕೂ ಮುಂಚೆ ಆಲ್ಫಾ ಫ್ಲೋರ್ ಅಂತ ಒಂದಿದೆ, ಲಿವರ್ ಎಲ್ಲೇ ಇರ್ಲಿ ಇಂಜಿನ್‌ಗಳಿಗೆ ಫುಲ್ ಪವರ್ ಕೊಟ್ಬಿಡುತ್ತೆ. ಇದರ ಉಪಯೋಗ ನಿಜವಾಗ್ಲೂ ಗೊತ್ತಾಗೋದು ಸಿಮ್ಯುಲೇಟರಲ್ಲಿ ಗುಡ್ಡದ ಹತ್ರ, ನೆಲ ಹತ್ರ ಬಂತು ಅಂತ ಎಚ್ಚರಿಸೋ ಜಿಪಿಡಬ್ಲ್ಯುಎಸ್ ಪುಲ್ ಅಪ್ ಪುಲ್ ಅಪ್ ಅಂತ ಕಿರುಚಿದಾಗ. ಬೇರೆ ವಿಮಾನದಲ್ಲಿ ಆ ಹೊತ್ತಲ್ಲಿ ಪೈಲಟ್ ಎಷ್ಟು ಎಳೀಬೇಕು, ಜಾಸ್ತಿ ಎಳೆದ್ರೆ ಸ್ಟಾಲ್ ಆಗುತ್ತಾ ಅಂತ ಅಂದಾಜು ಮಾಡ್ತಾ ಎಳೀಬೇಕು, ಇಲ್ಲಿ ಪ್ರೊಸೀಜರೇ ಸ್ಟಿಕ್ ಪೂರ್ತಿ ಎಳಿ, ಲಿವರ್‌ನ ಟೋಗಾಗೆ (ಫುಲ್ ಪವರ್‌ಗೆ) ತಳ್ಳು ಅಂತ. ಮಿಕ್ಕಿದ್ದು ಅದು ನೋಡ್ಕೊಳುತ್ತೆ.

2009ರ ಜನವರಿ 15ಕ್ಕೆ ಹಡ್ಸನ್ ನದೀಲಿ ಇಳಿದದ್ದೂ ಎ320ನೇ. ಎರಡೂ ಇಂಜಿನ್ ಹೋದ್ರೂ ಕ್ಯಾಪ್ಟನ್ ಸಲೆನ್‌ಬರ್ಗರ್ ತಕ್ಷಣ ಎಪಿಯು (ಕರೆಂಟ್ ಕೊಡೋ ಸಣ್ಣ ಹೆಚ್ಚುವರಿ ಇಂಜಿನ್) ಸ್ಟಾರ್ಟ್ ಮಾಡಿದ್ರಿಂದ ಕರೆಂಟ್ ಹೋಗ್ಲಿಲ್ಲ, ಕೊನೇ ತನಕ ನಾರ್ಮಲ್ ಲಾ ಇತ್ತು, 155 ಜನಾನೂ ಬದುಕಿದ್ರು. ಆದ್ರೆ ನೀರಿಗೆ ತಾಗೋ ಕೊನೇ ಕ್ಷಣದಲ್ಲಿ ಅವ್ರು ಎಳೆದಷ್ಟು ಮೂತಿ ಏಳ್ಲಿಲ್ಲ, ಕಂಪ್ಯೂಟರ್ ತಡೀತು ಅಂತ ತನಿಖೇಲಿ ಬಂತು. ಆ ತಡೆ ಒಳ್ಳೇದಾಯ್ತೋ ಕೆಟ್ಟದಾಯ್ತೋ ಅಂತ ಪೈಲಟ್‌ಗಳು ಇವತ್ತಿಗೂ ಕಾಫಿ ಕುಡೀತಾ ಜಗಳ ಆಡ್ತಾರೆ.

ಲ್ಯಾಂಡಿಂಗ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಇದು ನನಗೆ ಬಹಳ ಇಷ್ಟವಾದ ಭಾಗ. ಸ್ಟಿಕ್ ಬಿಟ್ರೆ ವಿಮಾನ ಅದೇ ದಾರೀಲಿ ಹೋಗ್ತಿರುತ್ತೆ ಅಂದ್ನಲ್ಲ, ಅದನ್ನ ರನ್‌ವೇ ಹತ್ರ ಯೋಚ್ನೆ ಮಾಡಿ. ಮಾಮೂಲಿ ವಿಮಾನದಲ್ಲಿ ನೆಲ ಹತ್ರ ಬಂದಾಗ ಸ್ಪೀಡ್ ಕಮ್ಮಿ ಆಗ್ತಾ ಮೂತಿ ಭಾರ ಆಗುತ್ತೆ, ಪೈಲಟ್ ನಿಧಾನಕ್ಕೆ ಎಳೀತಾ ಎಳೀತಾ ಕೂರಿಸ್ತಾನೆ, ಅದು ಕೈಗೆ ವರ್ಷಗಟ್ಟಲೆ ರೂಢಿ ಆಗಿರೋ ಕೆಲಸ. ಎ320ನಲ್ಲಿ ಹಂಗೇ ಬಿಟ್ಟಿದ್ರೆ ಒಂದು ಸಲ ಎಳೆದು ಬಿಟ್ರೆ ಮೂತಿ ಅಲ್ಲೇ ನಿಂತು ರನ್‌ವೇ ಉದ್ದಕ್ಕೂ ತೇಲಿಕೊಂಡು ಹೋಗ್ತಿತ್ತು. ಅದಕ್ಕೆ ಏನ್ ಮಾಡಿದ್ದಾರೆ ನೋಡಿ, 50 ಅಡೀಲಿ ಕಂಪ್ಯೂಟರ್ ಆಗಿನ ಮೂತಿ ಕೋನಾನ ನೆನಪಿಟ್ಟುಕೊಳುತ್ತೆ, 30 ಅಡಿಯಿಂದ ಬೇಕಂತಲೇ ಮೂತೀನ ಕೆಳಕ್ಕೆ ತಳ್ಳೋಕೆ ಶುರು ಮಾಡುತ್ತೆ, ಎಂಟು ಸೆಕೆಂಡ್ ಬಿಟ್ರೆ 2 ಡಿಗ್ರಿ ಕೆಳಗೆ ಹೋಗೋ ಲೆಕ್ಕದಲ್ಲಿ. ಆಗ ಪೈಲಟ್ ಎಳೀಲೇಬೇಕು. ಅಂದ್ರೆ ಮನುಷ್ಯನ ಕೈಗೆ ಹಳೇ ವಿಮಾನದ ರುಚಿ ಸಿಗ್ಲಿ ಅಂತ ಕಂಪ್ಯೂಟರ್ ಕೂತ್ಕೊಂಡು ನಾಟಕ ಆಡುತ್ತೆ! ತುಲೂಸ್‌ನಲ್ಲಿ ಕೂತು ಇದನ್ನ ಯೋಚ್ನೆ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಒಂದು ನಮಸ್ಕಾರ.

20 ಅಡೀಲಿ ಒಂದು ಗಂಡು ದನಿ ರಿಟಾರ್ಡ್ ಅನ್ನುತ್ತೆ, ಥ್ರಸ್ಟ್ ಲಿವರ್ ಐಡಲ್‌ಗೆ (ಕನಿಷ್ಠ ಪವರ್‌ಗೆ) ಎಳೀರಿ ಅಂತ ನೆನಪು ಮಾಡೋದು. ಎಳೀಲಿಲ್ಲ ಅಂದ್ರೆ ರಿಟಾರ್ಡ್ ರಿಟಾರ್ಡ್ ಅಂತ ಪ್ರಾಣ ತಿನ್ನುತ್ತೆ.

ಮಂಗಳೂರಿನ ಬಜ್ಪೆಗೆ ಮಳೆಗಾಲದಲ್ಲಿ ಬರೋದು ಇನ್ನೊಂದು ಮಜಾ. ಗುಡ್ಡದ ತಲೆ ಮೇಲೆ ರನ್‌ವೇ, ಅಂಚಲ್ಲಿ ಗಾಳಿ ಒಂದು ಕಡೆಯಿಂದ ಎತ್ತುತ್ತೆ, ಇನ್ನೊಂದು ಕಡೆ ಅದುಮುತ್ತೆ. ಆಗ ಸ್ಪೀಡ್ ಪಟ್ಟಿ ಮೇಲಿರೋ ಗುಲಾಬಿ ತ್ರಿಕೋನ ಸುಮ್ನೆ ಕೂರಲ್ಲ. ಎದುರುಗಾಳಿ ಜಾಸ್ತಿ ಆದ ತಕ್ಷಣ ಟಾರ್ಗೆಟ್ ಸ್ಪೀಡ್ ತಾನೇ ಮೇಲೇರುತ್ತೆ, ಗಾಳಿ ಬಿದ್ರೆ ತಾನೇ ಇಳಿಯುತ್ತೆ. ಗ್ರೌಂಡ್ ಸ್ಪೀಡ್ ಮಿನಿ ಅಂತಾರೆ ಇದಕ್ಕೆ. ಗಾಳಿ ಇದ್ದಕ್ಕಿದ್ದಂಗೆ ನಿಂತ್ರೂ ವಿಮಾನದ ಹತ್ರ ಸಾಕಷ್ಟು ವೇಗದ ಉಳಿತಾಯ ಇರ್ಲಿ ಅನ್ನೋ ಐಡಿಯಾ. ಪಕ್ಕದ ಗಾಳಿಗೆ ಮಾತ್ರ ಕಂಪ್ಯೂಟರ್ ಅಷ್ಟೊಂದು ಸಹಾಯ ಮಾಡಲ್ಲ, ಕೊನೇಲಿ ಕಾಲಲ್ಲಿ ರಡರ್ ಒತ್ತಿ ಮೂತಿ ನೇರ ಮಾಡೋದು ನೀವೇ, ಅಲ್ಲಿ ನಿಮ್ಮ ಸೆಸ್ನಾ ವಿದ್ಯೆ ಕೆಲಸಕ್ಕೆ ಬರುತ್ತೆ.

ಈಗ ಕಷ್ಟದ ಭಾಗ. ಏರ್‌ಬಸ್‌ನ ಥ್ರಸ್ಟ್ ಲಿವರ್‌ಗಳು ತಾವಾಗಿ ಅಲುಗಾಡಲ್ಲ. ಟೇಕಾಫ್ ಆದ್ಮೇಲೆ ಸಿಎಲ್ (ಕ್ಲೈಂಬ್) ಅನ್ನೋ ಕಚ್ಚಲ್ಲಿ ಕ್ಲಿಕ್ ಅಂತ ಕೂರಿಸಿದ್ರೆ ಲ್ಯಾಂಡಿಂಗ್‌ನ ರಿಟಾರ್ಡ್ ತನಕ ಅಲ್ಲೇ ಇರ್ತವೆ, ಒಳಗೆ ಆಟೋಥ್ರಸ್ಟ್ ಇಂಜಿನ್ ಪವರ್ ಏರಿಸ್ತಾ ಇಳಿಸ್ತಾ ಇರುತ್ತೆ. ಕೈ ಲಿವರ್ ಮೇಲೇ ಇದ್ರೂ ಇಂಜಿನ್ ಐಡಲ್‌ನಲ್ಲಿದೆಯೋ ಪವರ್ ಇದೆಯೋ ಕೈಗೆ ತಿಳಿಯಲ್ಲ. ಮತ್ತೆ ಅದೇ ಕಥೆ, ನೋಡ್ಬೇಕು. ನೋಡೋದು ಎಲ್ಲಿ ಅಂದ್ರೆ ಎದುರಿನ ಸ್ಕ್ರೀನ್‌ನ ತಲೆ ಮೇಲೆ ಸಣ್ಣ ಅಕ್ಷರದಲ್ಲಿರೋ ಎಫ್‌ಎಂಎ ಅನ್ನೋ ಸಾಲು. ಐದು ಕಾಲಂ. ಮೊದಲನೇದು ಇಂಜಿನ್ ಏನು ಮಾಡ್ತಿದೆ, ಎರಡನೇದು ಮೇಲೆ ಕೆಳಗೆ ಏನು ನಡೀತಿದೆ, ಮೂರನೇದು ಎಡ ಬಲ, ಮಿಕ್ಕಿದ್ದು ಲ್ಯಾಂಡಿಂಗ್ ಸಾಮರ್ಥ್ಯ, ಯಾವುದು ಆನ್ ಇದೆ ಅನ್ನೋದು. ಏನಾದ್ರೂ ಬದಲಾದ್ರೆ ಆ ಪದದ ಸುತ್ತ ಹತ್ತು ಸೆಕೆಂಡ್ ಬಿಳೀ ಚೌಕ ಬರುತ್ತೆ, ಆಗ ಓಡ್ಸೋನು ಜೋರಾಗಿ ಓದ್ಬೇಕು, ಇನ್ನೊಬ್ಬ ಚೆಕ್ ಅನ್ಬೇಕು. ಹೊರಗಿನೋರಿಗೆ ಇದು ಮಂತ್ರ ಹೇಳ್ದಂಗೆ ಕೇಳುತ್ತೆ, ಆದ್ರೆ ನಮ್ಮ ಕೆಲಸದ ತಿರುಳು ಇಲ್ಲಿದೆ.

ಇದು ಎಷ್ಟು ಗಂಭೀರ ಅಂತ ಬೆಂಗಳೂರಿನೋರಿಗೆ ಬೇರೆ ಊರಿನ ಉದಾಹರಣೆ ಬೇಕಾಗಿಲ್ಲ. 1990ರ ಫೆಬ್ರವರಿ 14, ಬಾಂಬೆಯಿಂದ ಬರ್ತಿದ್ದ ಇಂಡಿಯನ್ ಏರ್‌ಲೈನ್ಸ್ 605. ವಿಮಾನ ಹೊಚ್ಚ ಹೊಸದು, ದೇಶಕ್ಕೆ ಬಂದು ಎರಡು ತಿಂಗಳೂ ಆಗಿರ್ಲಿಲ್ಲ. ಮಧ್ಯಾಹ್ನದ ಹೊತ್ತು, ಹವಾಮಾನ ಚೆನ್ನಾಗಿತ್ತು, ಎಚ್‌ಎಎಲ್ ರನ್‌ವೇ ಕಣ್ಣಿಗೆ ಕಾಣ್ತಿತ್ತು, ಇಂಜಿನ್ ಸರಿಯಿತ್ತು, ಕಂಪ್ಯೂಟರ್‌ಗಳೂ ಸರಿಯಿದ್ವು. ರನ್‌ವೇಗೆ ಮುಂಚೆನೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ಎಗರಿ, ಮುಂದಿನ ಒಡ್ಡಿಗೆ ಹೊಡೀತು. 146 ಜನರಲ್ಲಿ 92 ಜನ ಹೋದ್ರು.

ಆಗಿದ್ದೇನು ಅಂದ್ರೆ, ಆಟೋಥ್ರಸ್ಟ್ ಓಪನ್ ಡಿಸೆಂಟ್ ಅನ್ನೋ ಮೋಡ್‌ನಲ್ಲಿ ಇತ್ತು. ಆ ಮೋಡ್‌ನಲ್ಲಿ ಇಂಜಿನ್ ಐಡಲ್‌ನಲ್ಲೇ ಇರುತ್ತೆ, ಸ್ಪೀಡ್ ಕಾಪಾಡೋದು ಮೂತಿಯ ಕೆಲಸ, ಸ್ಪೀಡ್ ಬಿದ್ರೆ ಮೂತಿ ತಗ್ಗಿಸ್ಬೇಕು. ಎತ್ತರದಿಂದ ಬೇಗ ಇಳಿಯೋಕೆ ಅದು ಸರಿಯಾದ ಮೋಡ್, ರನ್‌ವೇ ಹತ್ರ ಅಲ್ಲ. ಆದ್ರೆ ಇವ್ರು ಕಣ್ಣಲ್ಲಿ ರನ್‌ವೇ ನೋಡ್ತಾ ಮೂತಿ ಎತ್ತಿ ಹಿಡಿದು ಬರ್ತಿದ್ರು, ಇಂಜಿನ್ ಏರಲ್ಲ, ಮೂತಿ ಇಳಿಯಲ್ಲ, ಸ್ಪೀಡ್ ಸೋರಿ ಹೋಗದೆ ಇನ್ನೇನಾಗುತ್ತೆ? ಇರ್ಬೇಕಾದ್ದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ನಾಟ್ ಕೆಳಗೆ ಬಂತು. ಆ ಮೋಡ್ ಹೆಂಗೆ ಬಂತು ಅನ್ನೋದಕ್ಕೆ ತನಿಖೆ ಕೊಟ್ಟ ಕಾರಣ ಎದೆ ಝಲ್ ಅನ್ಸೋಂಥದ್ದು. ಮುಂದಿನ ಪ್ಯಾನೆಲ್‌ನಲ್ಲಿ ಎತ್ತರದ ನಾಬ್ ಮತ್ತು ಇಳಿಯೋ ವೇಗದ ನಾಬ್ ಅಕ್ಕಪಕ್ಕ ಇವೆ. ನಿಮಿಷಕ್ಕೆ 700 ಅಡಿ ಇಳಿಯೋ ವೇಗ ಅಂತ ಇಡೋಕೆ ಹೋಗಿ ಎತ್ತರದ ನಾಬ್ ತಿರುಗಿಸಿ 700 ಇಟ್ಟಿರಬಹುದು ಅಂತ. ಅದಾದ ಮೇಲೂ ಒಂದು ದಾರಿ ಇತ್ತು, ಎರಡೂ ಫ್ಲೈಟ್ ಡೈರೆಕ್ಟರ್ (ಎತ್ತ ಓಡಿಸ್ಬೇಕು ಅಂತ ಸ್ಕ್ರೀನಲ್ಲಿ ತೋರಿಸೋ ಸಾಧನ) ಆಫ್ ಮಾಡಿದ್ರೆ ಆಟೋಥ್ರಸ್ಟ್ ತಾನೇ ಸ್ಪೀಡ್ ಮೋಡ್‌ಗೆ ಬಂದು ಇಂಜಿನ್ ಏರಿಸ್ತಿತ್ತು. ಒಂದು ಆಫ್ ಆಯ್ತು, ಇನ್ನೊಂದು ಆನ್ ಉಳೀತು. ನೀವು ಐಡಲ್ ಓಪನ್ ಡಿಸೆಂಟ್‌ನಲ್ಲಿ ಇಳೀತಿದ್ದೀರ ಅನ್ನೋ ಮಾತು ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲೇ ಇದೆ, ಆದ್ರೆ ಹೊತ್ತು ಮೀರಿತ್ತು. ಕೊನೇಲಿ ಆಲ್ಫಾ ಫ್ಲೋರ್ ಬಂದು ಫುಲ್ ಪವರ್ ಕೊಡ್ತು, ಐಡಲ್‌ನಿಂದ ಜೆಟ್ ಇಂಜಿನ್ ಪೂರ್ತಿ ಏರೋಕೆ ಹಲವು ಸೆಕೆಂಡ್ ಬೇಕು, ಅಷ್ಟು ಎತ್ತರ ಉಳಿದಿರ್ಲಿಲ್ಲ.

ಆಮೇಲೆ ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನೆಲ್ಲ ಸರ್ಕಾರ ತಿಂಗಳುಗಟ್ಟಲೆ ನಿಲ್ಲಿಸಿತ್ತು. ಕಂಪ್ಯೂಟರ್ ವಿಮಾನ ಬೇಡ ಅಂತ ಆಗ ದೇಶದಲ್ಲೆಲ್ಲ ಗಲಾಟೆ. ನಮ್ಮ ಹೈಕೋರ್ಟ್‌ನ ಜಡ್ಜ್ ನೇತೃತ್ವದಲ್ಲಿ ನಡೆದ ತನಿಖೆ ಬೊಟ್ಟು ಮಾಡಿದ್ದು ಸ್ಪೀಡ್ ಬೀಳ್ತಿದ್ದದ್ದು ತಿಳಿದೂ ಪೈಲಟ್‌ಗಳು ತಕ್ಷಣ ಸರಿ ಮಾಡ್ಲಿಲ್ಲ ಅನ್ನೋದರ ಕಡೆಗೆ. ಸರಿ, ಆದ್ರೆ ಅಷ್ಟಕ್ಕೇ ನಿಲ್ಲಿಸೋದು ನನಗೆ ಒಪ್ಪಲ್ಲ. ಅವ್ರು ವರ್ಷಾನುಗಟ್ಟಲೆ ಬೇರೆ ಥರದ ವಿಮಾನ ಓಡಿಸಿ ಬಂದವರು, ಕೈಗೆ ಸುದ್ದಿ ಬಂದೇ ಬರುತ್ತೆ ಅಂತ ಮೈಯೇ ನಂಬಿರುತ್ತೆ, ಲಿವರ್ ಅಲುಗಾಡ್ದೆ ಇದ್ರೆ ಏನೂ ಆಗಿಲ್ಲ ಅಂತ ಮೈ ಅಂದ್ಕೊಳುತ್ತೆ. ಎರಡು ವರ್ಷ ಕಳೆದು 1992ರ ಜನವರಿ 20ಕ್ಕೆ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಹತ್ರ ಇನ್ನೊಂದು ಎ320 ಗುಡ್ಡಕ್ಕೆ ಹೊಡೀತು, 87 ಜನ ಸತ್ರು, ಅಲ್ಲೂ ಅನುಮಾನ ಮೋಡ್ ಮೇಲೇ. 3.3 ಡಿಗ್ರಿ ಇಳಿಜಾರು ಅಂದ್ಕೊಂಡು ಇಟ್ಟಿದ್ದು ನಿಮಿಷಕ್ಕೆ 3300 ಅಡಿ ಆಗಿತ್ತು ಅಂತ, ಯಾಕಂದ್ರೆ ಪ್ಯಾನೆಲ್‌ನ ಅಂಕಿ ಕಿಟಕೀಲಿ ಒಂದು 33 ಅಂತ ಕಾಣ್ತಿತ್ತು ಇನ್ನೊಂದು 3.3 ಅಂತ. ಆಮೇಲೆ ನಾಲ್ಕೂ ಅಂಕಿ ಕಾಣೋ ಹಾಗೆ ಬದಲಾಯಿಸಿದ್ರು.

ಬೋಯಿಂಗ್ ಪ್ರಿಯರು ಈಗ ನಗ್ತಿರ್ತಾರೆ. 777 ಕೂಡ ಫ್ಲೈ-ಬೈ-ವೈರೇ, ಆದ್ರೆ ಅವ್ರು ದೊಡ್ಡ ಯೋಕ್ ಉಳಿಸ್ಕೊಂಡ್ರು, ಆಟೋಪೈಲಟ್ ಓಡಿಸಿದ್ರೂ ಯೋಕ್ ಆಡುತ್ತೆ, ಲಿವರ್‌ಗಳೂ ಆಡ್ತವೆ, ಮಿತಿಗಳನ್ನ ಜೋರಾಗಿ ಎಳೆದು ದಾಟ್ಬಹುದು. ಚೆನ್ನಾಗೇ ಇದೆ. ಆದ್ರೆ 2013ರ ಜುಲೈ 6ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷ್ಯಾನಾದ 777 ಸಮುದ್ರದ ತಡೆಗೋಡೆಗೆ ತಾಗಿದ್ದು ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನ ಕಥೆಯೇ. ಆಟೋಥ್ರಾಟಲ್ ಹೋಲ್ಡ್ ಅನ್ನೋ ಮೋಡ್‌ಗೆ ಹೋಗಿ ಲಿವರ್ ಐಡಲ್‌ನಲ್ಲೇ ನಿಂತಿತ್ತು, ಸ್ಪೀಡ್ ತಾನೇ ನೋಡ್ಕೊಳುತ್ತೆ ಅಂತ ಪೈಲಟ್ ನಂಬಿದ್ರು, 137 ಇರ್ಬೇಕಾದ್ದು 103ಕ್ಕೆ ಬಂತು. ಅಲುಗಾಡೋ ಲಿವರ್ ಇದ್ದೂ ಕಾಪಾಡ್ಲಿಲ್ಲ. ಕೈ ಕೂಡ ಮೋಸ ಹೋಗುತ್ತೆ ಅಂತಾಯ್ತು.

ಏರ್‌ಬಸ್‌ನ ಇನ್ನೊಂದು ಗುಣ ನನಗೆ ಅಷ್ಟು ಹಿಡಿಸಲ್ಲ, ಎರಡು ಸೈಡ್‌ಸ್ಟಿಕ್‌ಗೂ ಪರಸ್ಪರ ಸಂಬಂಧ ಇಲ್ಲ. ನಾನು ಎಳೆದ್ರೆ ಕ್ಯಾಪ್ಟನ್‌ನ ಸ್ಟಿಕ್ ಅಲ್ಲಾಡಲ್ಲ. ಇಬ್ಬರೂ ಒಟ್ಟಿಗೆ ಆಡಿಸಿದ್ರೆ ಕಂಪ್ಯೂಟರ್ ಎರಡನ್ನೂ ಕೂಡಿ ಕಳೆದು ಉತ್ತರ ತಗೊಳುತ್ತೆ, ನಾನು ಪೂರ್ತಿ ಎಳೆದು ಅವ್ರು ಪೂರ್ತಿ ತಳ್ಳಿದ್ರೆ ಸೊನ್ನೆ. ಡ್ಯುಯಲ್ ಇನ್‌ಪುಟ್ ಅಂತ ದನಿ ಬರುತ್ತೆ, ಹಸಿರು ದೀಪ ಮಿನುಗುತ್ತೆ. ಸ್ಟಿಕ್ ಮೇಲಿನ ಕೆಂಪು ಬಟನ್ ಒತ್ತಿ ಹಿಡಿದ್ರೆ ಕಂಟ್ರೋಲ್ ಪೂರ್ತಿ ನಿಮ್ಮದು, ಪ್ರಯಾರಿಟಿ ಲೆಫ್ಟ್ ಅಂತಲೋ ರೈಟ್ ಅಂತಲೋ ಹೇಳುತ್ತೆ. ಎಲ್ಲಾ ಇದೆ, ಆದ್ರೆ ಗಾಬರೀಲಿ ಕಿವಿ ಮುಚ್ಕೊಳ್ಳೋದು ಮನುಷ್ಯನ ಸ್ವಭಾವ.

2009ರ ಜೂನ್ 1, ಏರ್ ಫ್ರಾನ್ಸ್ 447, ಅಟ್ಲಾಂಟಿಕ್ ಮೇಲೆ 35,000 ಅಡೀಲಿ ಎ330. ಸ್ಪೀಡ್ ಅಳೆಯೋ ಪಿಟಾಟ್ ಕೊಳವೆಗಳಿಗೆ ಐಸ್ ಕಟ್ಟಿ ಸ್ಪೀಡ್ ಲೆಕ್ಕ ತಪ್ಪಿತು, ಕಂಪ್ಯೂಟರ್‌ಗಳು ನಮಗೆ ನಂಬೋಕೆ ಸ್ಪೀಡೇ ಇಲ್ಲ ಅಂತ ಆಟೋಪೈಲಟ್ ಬಿಟ್ಟು ಆಲ್ಟರ್ನೇಟ್ ಲಾಗೆ ಇಳಿದ್ವು. ಅದರಲ್ಲಿ ಸ್ಟಾಲ್ ರಕ್ಷಣೆ ಇಲ್ಲ. ಬಲಗಡೆ ಕೂತವ್ರು ಸ್ಟಿಕ್ ಹಿಂದಕ್ಕೆ ಎಳೀತಾನೇ ಇದ್ರು, ಎಡಗಡೆಯವ್ರಿಗೆ ಅದು ಕಾಣಿಸ್ಲೂ ಇಲ್ಲ, ಕೈಗೂ ತಾಗ್ಲಿಲ್ಲ. ಯೋಕ್ ಇದ್ದಿದ್ರೆ ಹೊಟ್ಟೆಗೆ ಬಂದು ತಾಗಿರೋದು. ಒಂದು ನಿಮಿಷದಲ್ಲಿ ಸ್ಪೀಡ್ ರೀಡಿಂಗ್ ವಾಪಸ್ ಬಂದಿತ್ತು, ಅಷ್ಟರಲ್ಲಿ ವಿಮಾನ 38,000 ಅಡಿ ಹತ್ತಿ ಸ್ಟಾಲ್ ಆಗಿ ಬೀಳೋಕೆ ಶುರುವಾಗಿತ್ತು. ಇನ್ನೊಂದು ಕ್ರೂರ ವಿಷ್ಯ, ಸ್ಪೀಡ್ 60 ನಾಟ್‌ಗಿಂತ ಕಮ್ಮಿ ತೋರಿಸಿದ್ರೆ ಸ್ಟಾಲ್ ವಾರ್ನಿಂಗ್ ನಿಂತು ಹೋಗ್ತಿತ್ತು, ಮೂತಿ ತಗ್ಗಿಸಿ ಸರಿ ಮಾಡೋಕೆ ಹೋದ್ರೆ ಮತ್ತೆ ಕೂಗ್ತಿತ್ತು. ಸರಿ ಮಾಡಿದ್ರೆ ಬೈತದೆ, ತಪ್ಪು ಮಾಡಿದ್ರೆ ಸುಮ್ನಿರ್ತದೆ. 228 ಜನ. ಇದಾದ್ಮೇಲೆ ಪ್ರಪಂಚದ ಎಲ್ಲಾ ಕಡೆ ಎತ್ತರದಲ್ಲಿ ಕೈಯಾರೆ ಓಡಿಸೋದು, ಸ್ಟಾಲ್‌ನಿಂದ ಹೊರಗೆ ಬರೋದು ಸಿಮ್ಯುಲೇಟರ್ ಟ್ರೈನಿಂಗ್‌ನಲ್ಲಿ ದೊಡ್ಡ ಪಾಠ ಆಯ್ತು.

ಅಂದ್ರೆ ಕಂಪ್ಯೂಟರ್‌ದು ಯಾವತ್ತೂ ತಪ್ಪಿಲ್ವಾ ಅಂತ ಕೇಳ್ಬೇಡಿ. 2008ರ ಅಕ್ಟೋಬರ್ 7ಕ್ಕೆ ಕ್ವಾಂಟಸ್ 72, ಎ330, ರೆಕ್ಕೆಗೆ ಗಾಳಿ ತಾಗೋ ಕೋನಾನ ಒಂದು ಡೇಟಾ ಯೂನಿಟ್ ಸುಳ್ಳು ಕಳಿಸ್ತು, ಕಂಪ್ಯೂಟರ್ ಸ್ಟಾಲ್ ಆಗ್ತಿದೆ ಅಂತ ನಂಬಿ ಮೂತೀನ ತಾನೇ ಕೆಳಕ್ಕೆ ಹಾಕ್ತು, ಎರಡು ಸಲ. ಬೆಲ್ಟ್ ಹಾಕ್ದೇ ಇದ್ದವ್ರು ಚಾವಣಿಗೆ ಬಡಿದ್ರು, ನೂರಕ್ಕೂ ಹೆಚ್ಚು ಜನಕ್ಕೆ ಗಾಯ. ಪೈಲಟ್‌ಗಳು ಆಸ್ಟ್ರೇಲಿಯಾದ ಲೀರ್‌ಮಂತ್‌ನಲ್ಲಿ ಇಳಿಸಿದ್ರು. ಪ್ಲೀಸ್, ಬೆಲ್ಟ್ ಸೈನ್ ಆಫ್ ಆದ್ರೂ ಬೆಲ್ಟ್ ಹಾಕ್ಕೊಂಡೇ ಇರಿ.

ಆಲ್ಟರ್ನೇಟ್ ಲಾ ಬಂದ್ರೆ ಸ್ಕ್ರೀನ್ ಮೇಲೆ ಮಿತಿ ತೋರಿಸೋ ಹಸಿರು ಗೆರೆಗಳ ಜಾಗದಲ್ಲಿ ಅಂಬರ್ ಬಣ್ಣದ ಇಂಟು ಗುರುತು ಬರುತ್ತೆ. ಆಗ ಗೇರ್ (ಇಳಿಯೋ ಚಕ್ರಗಳು) ಇಳಿಸಿದ್ರೆ ಡೈರೆಕ್ಟ್ ಲಾ, ಆಗ ಮಾತ್ರ ಸ್ಟಿಕ್ ಎಷ್ಟು ಆಡಿಸ್ತೀರೋ ರೆಕ್ಕೆ ಭಾಗ ಅಷ್ಟೇ ಆಡುತ್ತೆ, ಟ್ರಿಮ್ ಚಕ್ರಾನೂ ನೀವೇ ತಿರುಗಿಸ್ಬೇಕು, ಒಂಥರಾ ಭಾರೀ ಗಾತ್ರದ ಸೆಸ್ನಾ. ಅದಕ್ಕೂ ಕೆಳಗಿನ ಸ್ಥಿತಿ ಮೆಕ್ಯಾನಿಕಲ್ ಬ್ಯಾಕಪ್, ಅಂದ್ರೆ ಎಲ್ಲಾ ಕಂಪ್ಯೂಟರ್ ಸತ್ತವು ಅಂದ್ಕೊಳ್ಳಿ. ಮ್ಯಾನ್ ಪಿಚ್ ಟ್ರಿಮ್ ಓನ್ಲಿ ಅಂತ ಕೆಂಪಕ್ಷರ. ಸೈಡ್‌ಸ್ಟಿಕ್ ಬರೀ ಪ್ಲಾಸ್ಟಿಕ್ ತುಂಡು. ಮೂತಿಗೆ ಟ್ರಿಮ್ ಚಕ್ರ, ವಾಲೋಕೆ ಕಾಲಿನ ರಡರ್ ಪೆಡಲ್, ಇಷ್ಟರಲ್ಲೇ ಸಂಸಾರ. ಸಿಮ್ಯುಲೇಟರಲ್ಲಿ ಇದನ್ನ ಮಾಡಿಸಿದ್ರೆ ಬೆವರು ಕಿತ್ಕೊಂಡು ಬರುತ್ತೆ. ಚಕ್ರ ಒಂದಿಷ್ಟು ತಿರುಗಿಸ್ತೀರ, ಏನೂ ಆಗಲ್ಲ, ಇನ್ನೊಂಚೂರು ತಿರುಗಿಸ್ತೀರ, ಆಗ ಮೊದಲು ತಿರುಗಿಸಿದ್ದು ಈಗ ಬಂದು ಮೂತಿ ಜೋರಾಗಿ ಏಳುತ್ತೆ, ಅದನ್ನ ತಗ್ಗಿಸೋಕೆ ಹೋದ್ರೆ ಅತಿಯಾಗುತ್ತೆ. ಸ್ವಲ್ಪ ತಿರುಗಿಸು, ಕಾಯಿ, ನೋಡು, ಅಷ್ಟೇ ಗುಟ್ಟು. ಆ ಸ್ಥಿತೀಲಿ ಲ್ಯಾಂಡ್ ಮಾಡೋಕೆ ಅಂತ ಇದನ್ನ ಇಟ್ಟಿಲ್ಲ, ಕಂಪ್ಯೂಟರ್ ರೀಸೆಟ್ ಮಾಡೋ ತನಕ ರೆಕ್ಕೆ ಮಟ್ಟವಾಗಿ ಇರ್ಲಿ ಅಂತ.

ಬೆಂಗಳೂರಲ್ಲಿ ಈ ವಿದ್ಯೆ ಬಲ್ಲೋರು ಬಹಳ ಜನ ಇದ್ದಾರೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ಯುದ್ಧವಿಮಾನ ತೇಜಸ್ ಹಾರ್ತಿರೋದೇ ಫ್ಲೈ-ಬೈ-ವೈರ್ ಮೇಲೆ, ಅದರ ಕಂಪ್ಯೂಟರ್ ಮಾಡಿದ್ದು ಇಲ್ಲಿನ ರಕ್ಷಣಾ ಸಂಶೋಧನಾ ಲ್ಯಾಬ್ ಎಡಿಇ, ಕಂಟ್ರೋಲ್ ಲಾ ಬರೆದ ತಂಡಕ್ಕೆ ಮುಂದಾಳತ್ವ ನಮ್ಮ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ದು, 2001ರ ಜನವರಿ 4ಕ್ಕೆ ಇದೇ ಎಚ್‌ಎಎಲ್ ರನ್‌ವೇಯಿಂದ ಮೊದಲ ಸಲ ಎದ್ದಿದ್ದು. ವ್ಯತ್ಯಾಸ ಏನಂದ್ರೆ ಎ320ನ ಕಂಪ್ಯೂಟರ್ ಕಿತ್ತು ಹಾಕಿದ್ರೂ ಅದು ಸ್ವಭಾವತಃ ಸಾಧು ವಿಮಾನ, ತೇಜಸ್‌ನ ಬೇಕಂತಲೇ ಅಸ್ಥಿರವಾಗಿ ಕಟ್ಟಿದ್ದಾರೆ, ಕಂಪ್ಯೂಟರ್ ಇಲ್ದೆ ಯಾವ ಮನುಷ್ಯನೂ ಅದನ್ನ ಹಿಡಿಯೋಕಾಗಲ್ಲ.

ಟೈಪ್ ರೇಟಿಂಗ್‌ಗೆ (ಒಂದು ಮಾದರಿ ವಿಮಾನ ಓಡ್ಸೋ ತರಬೇತಿಗೆ) ಹೋಗ್ತಿರೋ ಹುಡುಗ ಹುಡುಗೀರು ನನ್ನ ಕೇಳೋದು, ಸೈಡ್‌ಸ್ಟಿಕ್ ಪ್ರಾಕ್ಟೀಸ್‌ಗೆ ಮನೇಲಿ ಜಾಯ್‌ಸ್ಟಿಕ್ ತಗೊಳ್ಲಾ ಅಂತ. ತಗೊಳ್ಳಿ, ಖುಷಿಗೆ. ಸ್ಟಿಕ್ ಎರಡು ಸೆಷನ್‌ನಲ್ಲಿ ಬರುತ್ತೆ. ಅದರ ಬದಲು ಎಫ್‌ಎಂಎನಲ್ಲಿ ಬರೋ ಪದಗಳನ್ನ ಒಂದೊಂದಾಗಿ ಹಿಡಿದು, ಈ ಪದ ಇದ್ದಾಗ ಸ್ಪೀಡ್ ಯಾರ ಜವಾಬ್ದಾರಿ, ಇಂಜಿನ್‌ದಾ ಮೂತೀದಾ, ಅಂತ ಕಣ್ಣು ಮುಚ್ಚಿ ಹೇಳೋಷ್ಟು ಕಲೀರಿ. ಆಕಾಶ ತಿಳಿಯಾಗಿದ್ದು ಟ್ರಾಫಿಕ್ ಕಮ್ಮಿ ಇದ್ದ ದಿನ ಕ್ಯಾಪ್ಟನ್ ಒಪ್ಪಿದ್ರೆ ದೇವನಹಳ್ಳಿಗೆ ಆಟೋಪೈಲಟ್ ಬಿಟ್ಟು ಕೈಯಾರೆ ಬನ್ನಿ, ಎರಡೂ ಫ್ಲೈಟ್ ಡೈರೆಕ್ಟರ್ ಆಫ್ ಅಂತ ಬಾಯಿಬಿಟ್ಟು ಹೇಳಿ, ಎರಡು ಕಡೆ ಬಟನ್‌ನ ದೀಪಾನೂ ಆರಿದ್ಯಾ ನೋಡಿ, ಮೊದಲನೇ ಕಾಲಂನಲ್ಲಿ ಸ್ಪೀಡ್ ಅಂತ ಬಂತಾ ಓದಿ, ಆಮೇಲೆ ಕಿಟಕಿಯಾಚೆ ನೋಡ್ಕೊಂಡು ಇಳಿಸಿ.